ಅತ್ತೆಗೆ ನಾನು ಕಲಿಸಿದ ಹಕಾರ

ದೊಡ್ಡಿ ಎಂದರೆ ನಮ್ಮ ಕಡೆ ಊರಿನಷ್ಟು ದೊಡ್ಡದಾಗದ ಊರು. ಲೊಕ್ಕನಹಳ್ಳಿಯಲ್ಲಿ ಬಸ್ಸಿಳಿದು ಕಾಡಿನ ಅಂಚಿನ ದಾರಿ ಹಿಡಿದು ನಡೆದರೆ ಸಿಗುವ ಅಂಥದೊಂದು ದೊಡ್ಡಿಯಲ್ಲಿ ನಮ್ಮ ಮನೆ. ಮುಂದೆ ಜಗುಲಿ, ಒಳಗೆ ನಡುಮನೆ, ನಡುಮನೆಯ ಎಡಕ್ಕೆ ಅರ್ಧ ಗೋಡೆಯಾಚೆ ಎರಡು ಹಸು, ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಬೀಳುವ ಬೆಳಕಿನ ಚೌಕ ಬೆಳಿಗ್ಗೆ ನೀರಿನ ಹಂಡೆಯ ಮೇಲಿದ್ದು, ಮಧ್ಯಾಹ್ನ ಒಲೆಯ ಹತ್ತಿರ ಬಂದು, ಸಂಜೆ ಬೀಸುವ ಕಲ್ಲಿನ ಬಳಿ ಮಾಯವಾಗುತ್ತಿತ್ತು. ಗಡಿಯಾರ ನೋಡಲು ಕಲಿಯುವ ಮೊದಲೇ ನಾನು ಆ ಚೌಕ ಎಲ್ಲೆಲ್ಲಿ ನಿಂತಿತು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದೆ. ಹಬ್ಬಕ್ಕೆ ಗೋಡೆ ಬಳಿಯುವಾಗಲೆಲ್ಲ ಅವ್ವ ಬೈಯುತ್ತಿದ್ದಳು. ಹಸು ಈದ ದಿನ, ಮೊದಲ ಮಳೆ ಬಿದ್ದ ದಿನ, ಅಪ್ಪ ಅವ್ವ ಮಾತು ಬಿಟ್ಟ ದಿನ, ಮತ್ತೆ ಮಾತಾಡಿದ ದಿನ, ಎಲ್ಲಕ್ಕೂ ನನ್ನ ಹತ್ತಿರ ತಾರೀಕು ಇರುತ್ತಿತ್ತು. ಬರೆದಿಟ್ಟರೆ ವಿಷಯ ನನ್ನ ಕೈಯಲ್ಲಿದೆ ಎಂದು ನಂಬಿದ್ದ ಮಗು ನಾನು.

ಆ ಮನೆಯಲ್ಲಿ ಬರೆಯುವವಳು ನಾನೊಬ್ಬಳು, ಮಾತಾಡುವವಳು ಅತ್ತೆಯೊಬ್ಬಳು. ಅತ್ತೆ ಅಪ್ಪನ ಅಕ್ಕ, ಹೆಸರು ಪುಟ್ಟಮಾದಮ್ಮ. ಬಂಡಳ್ಳಿಗೆ ಮದುವೆಯಾಗಿ ಹೋಗಿದ್ದವಳು ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದು ಒಲೆಯ ಮುಂದಿನ ಮಣೆಯಲ್ಲಿ ಕೂತಳು. ಅವ್ವ ಯಳಂದೂರು ಕಡೆಯವಳು, ಮಾತು ಕಡಿಮೆ. ನಾದಿನಿ ಬಂದು ಒಲೆ ಹಿಡಿದದ್ದಕ್ಕೆ ಅವ್ವನಿಗೆ ಮೊದಮೊದಲು ಸಿಟ್ಟಿತ್ತಂತೆ. ಆಮೇಲೆ ಅತ್ತೆಯ ಮಾತು ಕೇಳುತ್ತಾ ಕೂತರೆ ಸೊಪ್ಪು ಸೋಸಿದ್ದೇ ಗೊತ್ತಾಗುವುದಿಲ್ಲ ಎಂದು ಅವ್ವನೇ ಹೇಳುತ್ತಿದ್ದಳು. ಉಪ್ಸಾರಿಗೆ ಖಾರ ಅರೆಯುತ್ತಾ, ಮುದ್ದೆ ತೊಳಸುತ್ತಾ ಅತ್ತೆ ಸಂತೆಯಲ್ಲಿ ಕಂಡದ್ದು, ಬಸ್ಸಿನಲ್ಲಿ ಕೇಳಿದ್ದು, ಯಾರ ಮನೆಯ ಕೋಳಿ ಯಾರ ಮನೆಯಲ್ಲಿ ಮೊಟ್ಟೆಯಿಟ್ಟದ್ದು ಎಲ್ಲವನ್ನೂ ಕಣ್ಣಿಗೆ ಕಟ್ಟಿಸುತ್ತಿದ್ದಳು. ಕಾವಲಿಗೆ ಬರುವ ಫಾರೆಸ್ಟ್ ಗಾರ್ಡು ಕೂಡ ಜಗುಲಿಯಲ್ಲಿ ಕೂತು ಅವಳ ಮಾತಿಗೆ ನಕ್ಕು, ಕೊಟ್ಟ ಮಜ್ಜಿಗೆ ಕುಡಿದು, ಬೈಯಲು ಬಂದದ್ದನ್ನು ಮರೆತು ಹೋಗುತ್ತಿದ್ದ.

ಸೋಮವಾರ ನಮ್ಮ ಮನೆಯಲ್ಲಿ ಮಾದಪ್ಪನಿಗೆ ಎಡೆ. ಆ ದಿನ ಅನ್ನ. ಸಾಂಬ್ರಾಣಿ ಹೊಗೆ ನಡುಮನೆಯಿಂದ ಹಸುವಿನ ಕಡೆಗೂ ಹೋಗಿ ಬಂದಮೇಲೆ ಎಲ್ಲರೂ ಕೂತು ಊಟ ಮಾಡಬೇಕು. ಊಟವಾದ ಮೇಲೆ ಯಾರಿಗೆ ಯಾರ ಮೇಲೆ ಏನು ಬೇಸರವಿದೆಯೋ ಅದನ್ನು ಹೇಳದೆ ಏಳುವ ಹಾಗಿಲ್ಲ. ಇದು ಅತ್ತೆ ಮಾಡಿದ ಕಟ್ಟಳೆ. ಅವ್ವನನ್ನು ಕೇಳದೆ ಅಪ್ಪ ಕಡಸನ್ನು ಮಾರಿದ ವಾರ ಇಬ್ಬರೂ ಗೋಡೆಗಳ ಹಾಗಿದ್ದರು. ಸೋಮವಾರ ಬಂತು. ಅತ್ತೆ ಎಲೆ ಮಡಿಸಿ ಅವ್ವನ ಕಡೆ ನೋಡಿದಳು.

“ಒಟ್ಟೇಲಿ ಇಟ್ಕಂಡ್ರ ಉಳೀತದ ಕಣವ್ವ. ಏಳ್ಬುಡು.”

ಉಳಿಯುತ್ತದೆ ಎಂದಳೋ, ಹುಳಿಯುತ್ತದೆ ಎಂದಳೋ. ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಮಾತು, ಅವಳು ಹೇಳಿದರೆ ಎರಡೂ ಆಗಿರುತ್ತಿತ್ತು. ಅವ್ವ ಅತ್ತಳು, ಹೇಳಿದಳು. ಅಪ್ಪ ತಲೆ ಕೆರೆದುಕೊಂಡ. ಅತ್ತೆ ಆ ಕಡಸು ಕೊಂಡವನ ಮನೆಯಲ್ಲಿ ಹೇಗೆ ಒದೆಯುತ್ತಿರಬಹುದು ಎಂದು ಅಭಿನಯಿಸಿ ತೋರಿಸಿದಳು. ಮಲಗುವ ಹೊತ್ತಿಗೆ ಮನೆ ನೆಟ್ಟಗಾಗಿತ್ತು. ನಮ್ಮ ಕಡೆ ಪದದ ಮೊದಲಿನ ಹಕಾರ ಬಾಯಿಂದ ಹೊರಗೆ ಬರುವುದಿಲ್ಲ. ಹಾಲು ಆಲು, ಹಣ್ಣು ಅಣ್ಣು, ಹಟ್ಟಿ ಅಟ್ಟಿ. ಹನೂರು ಎಂಬ ತಾಲ್ಲೂಕು ಕೇಂದ್ರದ ಹೆಸರನ್ನೇ ನಾವು ಅನೂರು ಎನ್ನುತ್ತಿದ್ದೆವು. ಇದರಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ತಿಳಿದದ್ದು ಮನೆ ಬಿಟ್ಟ ಮೇಲೆ.

ಎಂಟನೆಯ ತರಗತಿಗೆ ನನ್ನನ್ನು ಕೊಳ್ಳೇಗಾಲದ ಹಾಸ್ಟೆಲಿಗೆ ಸೇರಿಸಿದರು. ಆ ವರ್ಷ ಯಳಂದೂರಿನಲ್ಲಿ ಶಾಲೆಗಳ ನಡುವೆ ಭಾಷಣ ಸ್ಪರ್ಧೆ ಇತ್ತು. ವಿಷಯ ಪೌಷ್ಟಿಕ ಆಹಾರ. ಮಾತಿನ ಮನೆಯಿಂದ ಬಂದವಳು ನಾನು, ಹೆದರಿಕೆ ಇರಲಿಲ್ಲ. ಎದ್ದು ನಿಂತು, ಬೆಳೆಯುವ ಮಕ್ಕಳಿಗೆ ದಿನವೂ ಆಲು ಕೊಡಬೇಕು, ಅಣ್ಣು ಕೊಡಬೇಕು ಎಂದೆ. ಮುಂದಿನ ಸಾಲಿನ ಹುಡುಗನೊಬ್ಬ, ಅಣ್ಣನ್ನ ಯಾರಿಗೆ ಕೊಡಬೇಕು ಎಂದು ಪಿಸುಗುಟ್ಟಿದ. ಸಾಲಿನಿಂದ ಸಾಲಿಗೆ ನಗು ಹಬ್ಬಿತು. ನಕ್ಕವರೂ ಮನೆಯಲ್ಲಿ ಆಲನ್ನೇ ಕುಡಿದು ಬಂದಿದ್ದವರು ಎಂದು ಈಗ ಗೊತ್ತು. ಆಗ ಮಾತ್ರ ನನ್ನ ಬಾಯನ್ನು ಅಲ್ಲೇ ಎಲ್ಲಾದರೂ ಬಚ್ಚಿಟ್ಟು ಬರೋಣ ಅನ್ನಿಸಿತು.

ಹಾಸ್ಟೆಲಿನ ಶಾಲೆಯ ಕನ್ನಡ ಮೇಡಂ ಒಳ್ಳೆಯವರು. ನಗಲಿಲ್ಲ, ಬೈಯಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೋ, ಹ ಎಂದಾಗ ಬಿಸಿಯುಸಿರು ಕೈಗೆ ತಾಗಬೇಕು ಎಂದರು. ಸಂಜೆ ಪಂಪಿನ ಮನೆಯ ಹಿಂದೆ ನಿಂತು ನಾನು ಅಂಗೈಗೆ ಹಾಲು, ಹಣ್ಣು, ಹೂವು ಎಂದು ಹೇಳುತ್ತಿದ್ದೆ. ತಪ್ಪಿದ್ದಕ್ಕೊಂದು ಗೀಟು. ಗೀಟುಗಳು ಕಡಿಮೆಯಾಗುತ್ತಾ ಬಂದವು. ಭಾಷಣ ಮಾಡುವುದು ಹೇಗೆ ಎಂಬುದನ್ನೂ ಅವರೇ ಕಲಿಸಿದರು. ಎದುರಿಗೆ ಯಾರು ಕೂರುತ್ತಾರೆ ಎಂದು ಮೊದಲು ತಿಳಿದುಕೊಳ್ಳಬೇಕು. ಅವರಿಗೆ ಗೊತ್ತಿರುವುದನ್ನು ಅವರಿಗೇ ಹೇಳಬಾರದು. ಹೇಳುವ ಸಂಗತಿಯನ್ನು ಸ್ವತಃ ಹೋಗಿ ನೋಡಿರಬೇಕು ಅಥವಾ ಕಂಡವರನ್ನು ಕೇಳಿರಬೇಕು. ಕೇಳಿಕೊಳ್ಳುವುದಿದ್ದರೆ ಒಂದೇ ಒಂದನ್ನು ಕೇಳಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ಎಡವುವ ಕಡೆ ತಿದ್ದಬೇಕು. ಮರುವರ್ಷ ಕೊಳ್ಳೇಗಾಲದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ನನಗೇ ಬಂತು. ಸ್ಟೀಲ್ ತಟ್ಟೆಯನ್ನು ಮನೆಗೆ ತಂದಾಗ ಅತ್ತೆ ಅದನ್ನು ಗಾಜಿನ ಹೆಂಚಿನ ಬೆಳಕಿಗೆ ಹಿಡಿದು, ತನ್ನ ಮುಖ ನೋಡಿಕೊಂಡು, ಇದರಲ್ಲಿ ಊಟ ಮಾಡಿದರೆ ನನಗೂ ಭಾಷಣ ಬರುತ್ತದಾ ಎಂದು ಕೇಳಿದಳು. ಎಲ್ಲರೂ ನಕ್ಕೆವು.

ಆ ದಸರಾ ರಜೆಯಲ್ಲಿ ದೊಡ್ಡಿಯ ಹೆಂಗಸರು ಒಂದು ನಿರ್ಧಾರಕ್ಕೆ ಬಂದಿದ್ದರು. ನಮ್ಮ ರೇಷನ್ ಸಿಗುತ್ತಿದ್ದದ್ದು ಲೊಕ್ಕನಹಳ್ಳಿಯ ಸೊಸೈಟಿಯಲ್ಲಿ. ಕಾರ್ಡಿನಲ್ಲಿ ಹೆಸರಿರುವವರೇ ಹೋಗಿ ಹೆಬ್ಬೆಟ್ಟು ಒತ್ತಬೇಕು. ಮಿಷನ್ನಿಗೆ ಸರ್ವರ್ ಸಿಕ್ಕರೆ ಅಕ್ಕಿ, ಸಿಗದಿದ್ದರೆ ನಾಳೆ ಬಾ. ಕಾದು ಕಾದು ಹೊರಟರೆ ತಲೆಯ ಮೇಲೆ ಮೂಟೆ, ಎಡಕ್ಕೆ ಕಾಡು, ಇಳಿಹೊತ್ತು. ಆ ತಿಂಗಳು ಹಾಗೆ ಬರುವಾಗ ತಿರುವಿನಲ್ಲಿ ಆನೆ ನಿಂತಿತ್ತು. ಅತ್ತೆ, ಪಕ್ಕದ ಮನೆಯ ಚಿಕ್ಕತಾಯಿ, ಇನ್ನೂ ಕೆಲವರು ಮೂಟೆ ಎಸೆದು ಓಡಿದರು. ಚಿಕ್ಕತಾಯಿ ಬಿದ್ದು ಮೊಣಕೈ ಮುರಿದುಕೊಂಡಳು. ಬೆಳಿಗ್ಗೆ ಹೋಗಿ ನೋಡಿದರೆ ಚೀಲದ ಚಿಂದಿಗಳಷ್ಟೇ ಉಳಿದಿದ್ದವು. ಮುಂದಿನ ಸಲ ಕೈಯೊಂದೇ ಮುರಿಯುತ್ತದೆ ಎಂದು ಯಾರು ಹೇಳಬಲ್ಲರು? ಹನೂರಿನಲ್ಲಿ ಅಧಿಕಾರಿಗಳು ಜನರ ಅಹವಾಲು ಕೇಳುವ ಸಭೆ ಇದೆ ಎಂದು ಗೊತ್ತಾಗಿತ್ತು. ಅಲ್ಲಿ ಯಾರಾದರೂ ಎದ್ದು ನಿಂತು ಮಾತಾಡಬೇಕು. ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಅತ್ತೆ ಆ ಸಂಜೆ ಒಲೆಯ ಮುಂದೆ ಹೆಂಗಸರಿಗೆ, ತಾನು ಏನು ಹೇಳುತ್ತೇನೆ ಎಂದು ಹೇಳಿ ತೋರಿಸಿದಳು. ಆನೆ ಸೊಂಡಿಲು ಹಾಕಿ ಚೀಲ ಹರಿದದ್ದನ್ನು ಸೆರಗಿನಲ್ಲೇ ಮಾಡಿ ತೋರಿಸಿದಳು.

“ಆನೆಗ ಯಾರೂ ಎಬ್ಬೆಟ್ಟು ಒತ್ತು ಅನ್ನಲ್ಲ, ಸರ್ವರ್ ಇಲ್ಲ ನಾಳಿಕ ಬಾ ಅನ್ನಲ್ಲ. ಅದ್ರ ಕಾರ್ಡ್ಗ ಒಂದೇ ಸಲ್ಕ ಮೂಟೆಮೂಟೇನೆ ಬಂದ್ಬುಟ್ತು. ನಾವೂ ಕಾಡ್ನಲ್ಲೇ ಊಟ್ಬೇಕಾಗಿತ್ತು ಕಣ್ರವ್ವ.”

ಹುಟ್ಟಬೇಕಾಗಿತ್ತು ಎಂದು ಅದರ ಅರ್ಥ. ಚಿಕ್ಕತಾಯಿ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ನಕ್ಕಳು; ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು, ಆಮೇಲೆ ಯಾರೂ ನಗಲಿಲ್ಲ. ಅಡುಗೆಮನೆ ಸುಮ್ಮನಾಯಿತು. ಆ ಮೌನ ನನಗೆ ಈಗಲೂ ಕೇಳಿಸುತ್ತದೆ. ಎಷ್ಟೋ ಸಭೆಗಳಲ್ಲಿ ನಿರೂಪಣೆ ಮಾಡಿದ್ದೇನೆ, ಕೊಳ್ಳೇಗಾಲದ ಕಾರ್ಯಕ್ರಮಗಳಿಗೆ ಈಗ ನನ್ನನ್ನೇ ಕರೆಯುತ್ತಾರೆ. ನಗಿಸಿ ಹಾಗೆ ಸುಮ್ಮನಾಗಿಸುವುದು ನನಗೆ ಒಮ್ಮೆಯೂ ಬಂದಿಲ್ಲ. ಆದರೆ ಆ ಸಂಜೆ ಅಲ್ಲಿ ಕೂತಿದ್ದ ನಾನು ಕೇಳಿಸಿಕೊಂಡದ್ದು ಎರಡೇ ಮಾತು, ಎಬ್ಬೆಟ್ಟು ಮತ್ತು ಊಟ್ಬೇಕಾಗಿತ್ತು. ಹನೂರಿನ ಸಭೆಯಲ್ಲಿ ಮೈಕಿನಲ್ಲಿ ಹೀಗೆ ಹೇಳಿದರೆ ಏನಾಗುತ್ತದೆ ಎಂದು ಯಳಂದೂರಿನ ಮುಂದಿನ ಸಾಲು ನನ್ನ ಕಣ್ಣ ಮುಂದೆ ಬಂತು. ನನ್ನ ಹಾಸ್ಟೆಲಿನ ಗೆಳತಿಯೊಬ್ಬಳ ಮನೆ ಹನೂರಿನಲ್ಲೇ ಇತ್ತು. ಅವಳೂ ಬಂದಿದ್ದರೆ? ಭಾಷಣವನ್ನು ನಾನು ಸಿದ್ಧ ಮಾಡಿಕೊಡುತ್ತೇನೆ ಎಂದೆ. ಎಲ್ಲರಿಗೂ ಸಂತೋಷವಾಯಿತು. ಅತ್ತೆಗೆ ಎಲ್ಲರಿಗಿಂತ ಹೆಚ್ಚು.

ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮನೆಮನೆಗೆ ಹೋಗಿ ಯಾರು ಎಷ್ಟು ಸಲ ಸೊಸೈಟಿಗೆ ಹೋಗಿ ಬರಿಗೈಯಲ್ಲಿ ಬಂದರು ಎಂದು ಕೇಳಿ ಬರೆದುಕೊಂಡೆ. ಅಪ್ಪನ ಬೈಕಿನ ಹಿಂದೆ ಕೂತು ಮೀಟರ್ ನೋಡಿ ದಾರಿ ಅಳೆದೆ. ಆನೆ ದಾಟುವ ಜಾಗ ಎಲ್ಲೆಲ್ಲಿ ಎಂದು ಗಾರ್ಡನ್ನು ಕೇಳಿ ತಿಳಿದುಕೊಂಡೆ. ಗೋಪಿನಾಥಂ ದಾರಿಯ ಒಂದು ದೊಡ್ಡಿಗೆ ತಿಂಗಳಿಗೊಮ್ಮೆ ಟೆಂಪೋದಲ್ಲಿ ರೇಷನ್ ಬರುತ್ತದೆ, ಮಿಷನ್ನನ್ನೂ ತರುತ್ತಾರೆ ಎಂದು ಅಲ್ಲಿಂದ ಮದುವೆಯಾಗಿ ಬಂದವಳೊಬ್ಬಳು ಹೇಳಿದಳು. ಅಪ್ಪನ ಫೋನಿನಿಂದ ಅವಳ ಅಣ್ಣನಿಗೆ ಮಾತಾಡಿ ನಿಜವೇ ಎಂದು ಖಚಿತ ಮಾಡಿಕೊಂಡೆ. ಅಲ್ಲಿಯವರೆಗೆ ನಮ್ಮ ಹೆಂಗಸರು ಕೇಳಬೇಕೆಂದಿದ್ದದ್ದು ಒಂದು ಅಂಗಡಿ. ಅಂಗಡಿ ಕೊಡಲಾರರು, ಟೆಂಪೋ ಕೊಡಬಹುದು. ಅದೊಂದನ್ನೇ ಕೇಳೋಣ ಎಂದೆ. ಭಾಷಣ ಬರೆದೆ. ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯರೇ ಎಂದು ಶುರು. ಆನೆ ಬಂತು, ಅಕ್ಕಿ ಹೋಯಿತು, ಚಿಕ್ಕತಾಯಿಯ ಕೈ ಮುರಿಯಿತು. ಹೆಬ್ಬೆಟ್ಟಿನ ತಮಾಷೆಯನ್ನು ತೆಗೆದುಹಾಕಿದೆ. ಅಧಿಕಾರಿಗಳ ಮುಂದೆ ತಮಾಷೆ ಮಾಡಿದರೆ ಹಗುರವಾಗುತ್ತೇವೆ ಎಂದು ಅತ್ತೆಗೆ ತಿಳಿಸಿ ಹೇಳಿದೆ. ಅವಳು ಓದಲಾರಳು, ನಾನು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಬೇಕಿತ್ತು. ಎಷ್ಟೋ ಪದ ಕೇಳಿದ ಕೂಡಲೇ ಕಲಿತುಬಿಡುತ್ತಿದ್ದಳು. ಉಳಿದದ್ದು ಹಕಾರ.

ಒಲೆಯ ಪಕ್ಕದ ಗೋಡೆಯೇ ನನ್ನ ಹಲಗೆಯಾಯಿತು. ಅತ್ತೆ ಬೆಳಕಿನ ಚೌಕದಲ್ಲಿ ನಿಂತು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಮಾತಾಡಬೇಕು, ಹಕಾರ ಬಿಟ್ಟಾಗಲೆಲ್ಲ ನಾನು ಗೀಟು ಹಾಕಬೇಕು. ಮೊದಲ ದಿನ ಗೋಡೆಯಲ್ಲಿ ಜಾಗವೇ ಸಾಲಲಿಲ್ಲ. ಇಷ್ಟೊಂದು ಉಸಿರು ಕೈಗೇ ಕೊಟ್ಟುಬಿಟ್ಟರೆ ಮಾತಿಗೆ ಏನುಳಿಯುತ್ತದೆ ಎಂದು ಅವಳು ರೇಗಿಸಿದಳು. ಮಾರನೆಯ ದಿನ ರೇಗಿಸುವುದು ನಿಂತಿತು. ಗೀಟು ಹಾಕಲು ನಾನು ಕೈ ಎತ್ತಿದರೆ ಅವಳ ಕಣ್ಣು ಗೋಡೆಗೆ ಹೋಗುತ್ತಿತ್ತು; ಮಾತು ಅಲ್ಲೇ ತುಂಡಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗಲೂ ನಾನು ಬಿಡಲಿಲ್ಲ. ಇನ್ನೊಂದು ಚೂರು ಆಕವ್ವ ಎಂದು ಅವಳು ಕೈ ಚಾಚಿದರೆ, ಹಾಕವ್ವ ಎಂದು ತಿದ್ದಿ ಆಮೇಲೆ ಬಡಿಸುತ್ತಿದ್ದೆ. ಅವ್ವ ಒಂದು ದಿನ ಹಿಟ್ಟಿನ ಕೋಲು ಕೆಳಗಿಟ್ಟು ನನ್ನನ್ನು ನೋಡಿದಳು.

“ಬುಡಮ್ಮಿ ಅವಳ. ಅವಳ ಬಾಯಿ ಅವಳ್ದು. ನೀನ್ಯಾಕ ಒಳಿಕ ಕೈ ಆಕ್ತೀಯ.”

ಅದಕ್ಕೆ ಅತ್ತೆಯೇ ನನ್ನ ಪರ ನಿಂತಳು. ಓದಿದ ಮಗು, ಅದಕ್ಕೆ ಗೊತ್ತಿರುತ್ತದೆ, ಅನೂರಿನ ದೊರೆಗಳ ಮುಂದೆ ನಾವು ಕಾಡಿನವರ ಹಾಗೆ ಕಾಣಬಾರದು ಎಂದಳು. ಎಂದವಳು ತಾನೇ ತಿದ್ದಿಕೊಂಡು ಹನೂರು ಎಂದು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಆ ನೋಟವನ್ನು ನೆನೆದರೆ ಈಗ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನನಗಿಂತ ಮೂರು ಪಟ್ಟು ವಯಸ್ಸಿನವಳು, ಸರಿಯಾಯಿತಾ ಎಂದು ನನ್ನ ಮುಖ ನೋಡುತ್ತಿದ್ದಳು.

ಗೀಟುಗಳು ಕಡಿಮೆಯಾಗುತ್ತಾ ಬಂದವು. ಸಭೆಯ ಹಿಂದಿನ ದಿನ ಒಂದೂ ಬೀಳಲಿಲ್ಲ. ಆ ದಿನದ ನನ್ನ ಡೈರಿಯಲ್ಲಿ ಸೊನ್ನೆ ಬರೆದು ಸುತ್ತಲೂ ಹೂವಿನ ಎಸಳು ಬಿಡಿಸಿದ್ದೇನೆ. ಆದರೆ ಅದೇ ದಿನ ಅವಳು ನಮ್ಮ ಹೂರು ಎಂದದ್ದು ನನಗೆ ಕೇಳಿಸಿತ್ತು. ಅಕ್ಕಿಗೆ ಒಮ್ಮೆ ಹಕ್ಕಿ ಎಂದದ್ದೂ ಕೇಳಿಸಿತ್ತು. ಎಲ್ಲಿ ಹಕಾರ ಬೇಕು ಎಲ್ಲಿ ಬೇಡ ಎಂದು ಅವಳಿಗೆ ಹೇಗೆ ತಿಳಿಯಬೇಕು? ಅಕ್ಷರ ಕಂಡವಳಲ್ಲ. ಬಿಟ್ಟರೆ ಗೀಟು ಬೀಳುತ್ತದೆ ಎಂಬುದೊಂದೇ ಅವಳಿಗೆ ಗೊತ್ತಿದ್ದದ್ದು, ಹಾಗಾಗಿ ಎಲ್ಲದಕ್ಕೂ ಹಾಕಲು ಶುರು ಮಾಡಿದ್ದಳು. ನನ್ನ ಲೆಕ್ಕ ಇದ್ದದ್ದು ಬಿಟ್ಟ ಹಕಾರಕ್ಕೆ. ಹೆಚ್ಚು ಹಾಕಿದ್ದಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ತಿದ್ದಲು ಹೋದರೆ ಮತ್ತೆ ಮೊದಲಿನಿಂದ ಬರಬೇಕು, ಸೊನ್ನೆ ಕೆಡುತ್ತದೆ. ಅಷ್ಟು ದೊಡ್ಡ ಭಾಷಣದಲ್ಲಿ ಎಲ್ಲೋ ಒಂದು ಎರಡು ಹೋದರೆ ಯಾರು ಗಮನಿಸುತ್ತಾರೆ ಎಂದುಕೊಂಡು ಸುಮ್ಮನಾದೆ. ಹಕಾರ ಕಲಿಸಿದ್ದಕ್ಕಿಂತ ಈ ಸುಮ್ಮನಾದದ್ದೇ ನನ್ನನ್ನು ಹೆಚ್ಚು ಕಾಡುತ್ತದೆ.

ಸಭೆಯ ದಿನ ಅತ್ತೆ ಪೆಟ್ಟಿಗೆಯಿಂದ ನೇರಳೆ ಬಣ್ಣದ ಸೀರೆ ತೆಗೆದು ಉಟ್ಟಳು. ಬಸ್ಸಿನಲ್ಲಿ ಹೆಂಗಸರು ಹಾಡು ಹೇಳಿಕೊಳ್ಳುತ್ತಿದ್ದರೆ ಅವಳು ತುಟಿಯಲ್ಲೇ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಹನೂರಿನ ಸಭಾಂಗಣ ತುಂಬಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಕಿರುಗುಟ್ಟುವ ಫ್ಯಾನು, ವೇದಿಕೆಯ ಮೇಲೆ ಉದ್ದನೆಯ ಮೇಜು, ಮೇಜಿನ ಹಿಂದೆ ಅಧಿಕಾರಿಗಳು. ನಮ್ಮ ಸರದಿ ಬರುವ ಹೊತ್ತಿಗೆ ಮೇಜಿನ ಹಿಂದಿನವರು ಆಯಾಸಗೊಂಡಿದ್ದರು. ಅತ್ತೆ ಮೈಕಿನ ಮುಂದೆ ನಿಂತಳು. ನಾನು ಮೊದಲ ಸಾಲಿನ ತುದಿಯಲ್ಲಿದ್ದೆ.

ಹಾಸೀನರಾಗಿರುವ ಮಾನ್ಯರೇ ಎಂದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ನಮ್ಮ ಹೂರು ಕಾಡಿನ ಹಂಚಿನಲ್ಲಿದೆ ಎಂದಳು. ಇನ್ನೂ ಇಬ್ಬರು ನಕ್ಕರು. ನಗು ಕೇಳಿದ ಅವಳಿಗೆ ತಾನು ಹಕಾರ ಬಿಡುತ್ತಿದ್ದೇನೆ ಎಂದು ಭಯವಾಗಿರಬೇಕು. ಮುಂದಿನ ಪ್ರತಿಯೊಂದು ಪದವನ್ನೂ ಉಸಿರು ಕಟ್ಟಿ ನೂಕತೊಡಗಿದಳು.

“ಸಾ, ನಾವು ಹಕ್ಕಿ ತಕಂಡು ಬತ್ತಿದ್ದೋ. ಹಾನೆ ಬಂದು ನಮ್ಮ ಹಕ್ಕಿನೆಲ್ಲ ತಿಂದ್ಬುಟ್ತು ಸಾ.”

ಸಭಾಂಗಣ ನಕ್ಕಿತು. ಮೇಜಿನ ಹಿಂದಿನ ಅಧಿಕಾರಿಯೊಬ್ಬರು ಮುಖ ಮೇಲೆತ್ತಿದರು. ಕೆಟ್ಟವರಲ್ಲ, ಬೆಳಗ್ಗಿನಿಂದ ದಣಿದವರಿಗೆ ಸ್ವಲ್ಪ ನಗು ಸಿಕ್ಕಿತ್ತು ಅಷ್ಟೇ.

“ಹಕ್ಕಿ ತಿನ್ನೋ ಆನೆ ನಾನು ನೋಡೇ ಇಲ್ಲವಲ್ಲಮ್ಮ. ಯಾವ ಹಕ್ಕಿ? ನೀವು ಅರಣ್ಯ ಇಲಾಖೆಯವರನ್ನ ಕೇಳಬೇಕು ಅದನ್ನ.”

ಕುರ್ಚಿಗಳು ಅಲುಗುವಷ್ಟು ನಕ್ಕರು. ಅತ್ತೆಯೂ ನಗಲು ನೋಡಿದಳು. ಜನ ನಕ್ಕಾಗ ನಗುವುದು ಅವಳಿಗೆ ಅಭ್ಯಾಸ, ಆ ನಗು ಅವಳೇ ಹುಟ್ಟಿಸಿದ್ದಾಗಿರುತ್ತಿತ್ತು. ಈಗ ಅವಳ ಮುಖ ಅರ್ಧ ನಕ್ಕು ಅಲ್ಲೇ ನಿಂತಿತು. ಮತ್ತೆ ಹಕ್ಕಿ ಎಂದಳು, ಇನ್ನೂ ಜೋರಾಗಿ. ಆಮೇಲೆ, ಅಷ್ಟು ಜನರ ಎದುರು, ಮೆಲ್ಲಗೆ ಅಂಗೈಯನ್ನು ಎತ್ತಿ ಬಾಯಿಯ ಮುಂದೆ ಹಿಡಿದುಕೊಂಡಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳು ತನ್ನ ಉಸಿರು ಕೈಗೆ ತಾಗುತ್ತಿದೆಯಾ ಎಂದು ನೋಡಿಕೊಳ್ಳುತ್ತಿದ್ದಳು. ತಾಗುತ್ತಿತ್ತು. ಹಾಗಾದರೆ ತಪ್ಪು ಎಲ್ಲಿ ಎಂದು ಹುಡುಕುವಂತೆ ನನ್ನ ಕಡೆ ತಿರುಗಿದಳು.

“ಅಮ್ಮಿ, ನೀನೇ ಏಳ್ಬುಡವ್ವ.”

ನಾನು ಹೋದೆ. ಭಾಷಣ ನನಗೆ ಬಾಯಿಪಾಠವಿತ್ತು. ಅತ್ತೆ ಪಕ್ಕಕ್ಕೆ ಸರಿದು ಮೈಕಿನ ವೈರು ಕಾಲಿಗೆ ತೊಡರದ ಹಾಗೆ ಹಿಡಿದುಕೊಂಡಳು. ನಾನು ಶುರು ಮಾಡಿದ ಮೇಲೆ ಯಾರೂ ನಗಲಿಲ್ಲ. ದಾರಿಯ ದೂರ ಹೇಳಿದೆ, ಆನೆ ದಾಟುವ ಜಾಗಗಳನ್ನು ಹೇಳಿದೆ, ಬರಿಗೈಯಲ್ಲಿ ಬಂದವರ ಲೆಕ್ಕ ಹೇಳಿದೆ, ಚಿಕ್ಕತಾಯಿಯನ್ನು ಎದ್ದು ನಿಲ್ಲಿಸಿ ಕೈ ತೋರಿಸಿದೆ, ಟೆಂಪೋ ಒಂದನ್ನೇ ಕೇಳಿದೆ. ಇನ್ನೊಂದು ದೊಡ್ಡಿಗೆ ಬರುತ್ತಿರುವುದನ್ನೂ ಹೇಳಿದೆ. ಚಪ್ಪಾಳೆ ಬಿತ್ತು. ಆ ಅಧಿಕಾರಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಮುಂದಿನ ತಿಂಗಳಿಂದ ಕಳಿಸುತ್ತೇವೆ ಎಂದು ಮೈಕಿನಲ್ಲೇ ಹೇಳಿದರು. ನಮ್ಮ ಹೆಂಗಸರು ಕುಳಿತಲ್ಲಿಂದ ಎದ್ದರು. ನನಗೆ ಸಂತೋಷವಾಯಿತು, ಇದನ್ನು ಮರೆಮಾಚಲಾರೆ. ಅತ್ತೆ ಪಕ್ಕದಲ್ಲೇ ವೈರು ಹಿಡಿದು ನಿಂತಿದ್ದಳು, ನಾನು ಚಪ್ಪಾಳೆ ಮುಗಿಯುವವರೆಗೆ ಅವಳ ಕಡೆ ನೋಡಲಿಲ್ಲ.

ವಾಪಸು ಬರುವಾಗ ಬಸ್ಸಿನ ತುಂಬ ನನ್ನದೇ ಮಾತು. ಚೆಂದಾಗಿ ಏಳ್ದೆ ಎಂದು ಅತ್ತೆಯೂ ಒಂದು ಸಲ ನನ್ನ ಕೈ ಒತ್ತಿದಳು. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತಳು. ಮನೆಯಲ್ಲಿ ಅವಳು ಮಾತು ನಿಲ್ಲಿಸಿದಳು ಎಂದರೆ ಸುಳ್ಳಾಗುತ್ತದೆ. ಹಸುವಿಗೆ ಹುಲ್ಲು ಹಾಕಿಯಾಯಿತಾ, ಬಾಗಿಲು ಹಾಕಿ ಎಂದೆಲ್ಲ ಹೇಳುತ್ತಿದ್ದಳು. ಆದರೆ ಮುದ್ದೆ ತೊಳಸುವಾಗ ಸಂತೆ ಬರಲಿಲ್ಲ, ಬಸ್ಸು ಬರಲಿಲ್ಲ. ಸೋಮವಾರ ಊಟವಾದ ಮೇಲೆ ಎಲೆ ಮಡಿಸಿ ಎದ್ದುಬಿಟ್ಟಳು. ಅಪ್ಪ ಅವ್ವ ಮುಖ ಮುಖ ನೋಡಿಕೊಂಡು ಕೂತರು, ತಮ್ಮನ್ನು ಯಾರಾದರೂ ಕೇಳಲಿ ಎಂಬಂತೆ. ಗಾರ್ಡು ಬಂದಾಗ ಅತ್ತೆ ಮಜ್ಜಿಗೆ ಕೊಟ್ಟು ಒಳಗೆ ಬಂದಳು, ಅವನು ಜಗುಲಿಯಲ್ಲಿ ಸುಮ್ಮನೆ ಕುಡಿದು ಲೋಟವಿಟ್ಟು ಹೋದ.

ರಜೆ ಮುಗಿಯುವ ಮೊದಲು ಕ್ಷಮೆ ಕೇಳಬೇಕೆಂದು ನಿರ್ಧರಿಸಿದೆ. ಅದನ್ನೂ ನಾನು ಸಿದ್ಧ ಮಾಡಿಕೊಂಡೇ ಹೋದೆ, ಹೇಗೆ ಶುರು ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ. ಅತ್ತೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎರಡು ವಾಕ್ಯ ಹೇಳುವಷ್ಟರಲ್ಲೇ ಅವಳಿಗೆ ಅದು ಬರೆದು ತಂದದ್ದು ಎಂದು ಗೊತ್ತಾಯಿತು. ಸಿಪ್ಪೆ ಬದಿಗೆ ತಳ್ಳಿ ನನ್ನನ್ನು ಕೂರಿಸಿಕೊಂಡಳು.

“ನಕ್ರು ಅಂತ ಅಲ್ಲ ಕಣಮ್ಮಿ. ನಾನು ನಗ್ಸದೋಳೇ ತಾನೆ. ಯಾರ್ ಎಲ್ಲಿ ನಗ್ತಾರ ಅಂತ ನಂಗ ಮೊದ್ಲೇ ಗೊತ್ತಿರದು. ಅವತ್ತು ಯಾತಕ್ ನಕ್ರು ಅಂತ ಗೊತ್ತಾಗ್ನಿಲ್ಲ. ಈಗೂ ಬಾಯಿ ತಗದ್ರ ಎಲ್ ನಗ್ತಾರೋ ಅಂತ ಎದ್ರಿಕೆ.”

ನಾನು ವಿವರಿಸಿದೆ. ಅಕ್ಕಿಗೆ ಹಕಾರವಿಲ್ಲ, ಊರಿಗೆ ಇಲ್ಲ, ಆನೆಗೆ ಇಲ್ಲ, ನೀನು ಮೊದಲು ಹೇಳುತ್ತಿದ್ದದ್ದೇ ಅಲ್ಲೆಲ್ಲ ಸರಿ ಎಂದೆ. ಅವಳು ಗಮನವಿಟ್ಟು ಕೇಳಿದಳು. ಓ, ಅಂಗಾ ಎಂದಳು. ಮತ್ತೆ ಹೆಬ್ಬೆರಳಿನಿಂದ ಕಾಯಿ ಬಿಡಿಸುತ್ತಾ, ಇರ್ಲಿ ಬುಡವ್ವ, ಇನ್ಮ್ಯಾಲ ನೀನೇ ಇದ್ದೀಯಲ್ಲ ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅಂದಿನಿಂದ ಪಂಚಾಯಿತಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ನಮ್ಮ ಮನೆಯ ಪರವಾಗಿ ಮಾತಾಡುವವಳು ನಾನಾದೆ. ಮಾತಾಡುವ ಕೆಲಸ ನನ್ನ ಕೈಗೆ ಬಂದದ್ದು ಹೀಗೆ. ಚೆನ್ನಾಗಿ ಮಾತಾಡುತ್ತೀಯ ಎಂದು ಯಾರಾದರೂ ಹೊಗಳಿದರೆ ನನ್ನ ಕೈ ತಾನಾಗಿ ಬಾಯಿಯ ಕಡೆಗೆ ಹೋಗುತ್ತದೆ.

ಟೆಂಪೋ ಹೇಳಿದ ಹಾಗೆಯೇ ಬಂತು. ಮೊದಲ ಸಲ ಅದು ಬಂದ ದಿನ ಭಾನುವಾರ, ನಾನು ಹಾಸ್ಟೆಲಿನಿಂದ ಬಂದಿದ್ದೆ. ಹುಣಸೆಮರದ ಕೆಳಗೆ ತಕ್ಕಡಿ ಇಟ್ಟರು, ಮಿಷನ್ ಇಟ್ಟರು. ಹೆಂಗಸರು ಚೀಲ ಹಿಡಿದು ಸಾಲು ನಿಂತರು. ಚಿಕ್ಕತಾಯಿಯ ಕೈ ವಾಸಿಯಾಗಿತ್ತು. ಇನ್ನು ಆ ತಿರುವು ಯಾರೂ ಹಾಯಬೇಕಿಲ್ಲ ಎಂದು ಅವಳು ಟೆಂಪೋದ ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟಳು. ತೂಗುವವನು ಹೊಸಬ, ಒಬ್ಬೊಬ್ಬರನ್ನೂ ಏನು ಮೊದಲು ಹಾಕಲಿ, ಅಕ್ಕಿಯೋ ರಾಗಿಯೋ ಎಂದು ಕೇಳಿ ತೂಗುತ್ತಿದ್ದ. ಅತ್ತೆಯ ಸರದಿ ಬಂತು. ಹೆಬ್ಬೆಟ್ಟು ಒತ್ತಿದಳು, ಮಿಷನ್ ಒಪ್ಪಿಕೊಂಡಿತು. ಚೀಲದ ಬಾಯಿ ಬಿಡಿಸಿ ಹಿಡಿದು, ಗದ್ದದಿಂದ ಬಿಳಿ ಮೂಟೆಯ ಕಡೆ ತೋರಿಸಿ, ಅದು ಎಂದಳು. ಅವನಿಗೆ ಕಾಣಲಿಲ್ಲವೋ ಏನೋ, ತಲೆ ಎತ್ತದೆ ಮತ್ತೆ ಕೇಳಿದ.

“ಯಾವ್ದಮ್ಮ? ಬಾಯ್ಬಿಟ್ಟು ಏಳಿ.”

ಅತ್ತೆಯ ತುಟಿ ಅಲುಗಿತು. ಮಾತು ಬರಲಿಲ್ಲ. ಅವಳು ನನ್ನ ಕಡೆ ತಿರುಗಿ ಕಾದಳು, ಸಿಟ್ಟಿಲ್ಲದೆ, ದಾರಿ ಬಿಟ್ಟುಕೊಡುವವರ ಹಾಗೆ. ನಾನೂ ಸ್ವಲ್ಪ ಹೊತ್ತು ಕಾದೆ, ಅವಳೇ ಹೇಳಲಿ ಎಂದು. ತೂಗುವವನು ಬೋಗುಣಿ ಹಿಡಿದು ನಿಂತಿದ್ದ.

ಅಕ್ಕಿ ಎಂದೆ. ಅವನು ಸುರಿದ.